ಕೊನೆಯ ಕಂತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮುಂಬಯಿಗೆ ಪೂರ್ತಿಯಾಗಿ ಒಗ್ಗುವುದಿಲ್ಲ. ಇಲ್ಲಿ ನಮ್ಮಂಥ ಸಂಬಳದವರು ಮನೆ ಕಟ್ಟುವುದಿಲ್ಲ. ಯಾರೋ ಕಟ್ಟಿದ್ದನ್ನು ಸಾಲ ಮಾಡಿ ಕೊಳ್ಳುತ್ತೇವೆ, ಇಪ್ಪತ್ತು ವರ್ಷ ಸಾಲದ ಕಂತು ತೀರಿಸುತ್ತೇವೆ, ತೀರಿತು ಎನ್ನುವಷ್ಟರಲ್ಲಿ ಅದೇ ಮನೆಯನ್ನು ಒಡೆಸಿ ಮತ್ತೆ ಮಾಡಿಸುತ್ತೇವೆ. ಈ ಒಡೆಸಿ ಮಾಡಿಸುವ ವ್ಯವಹಾರದಲ್ಲಿ ನಗರದ ಎಲ್ಲ ಭಾಷಿಕರೂ ಒಪ್ಪಿಕೊಂಡ ಒಂದು ಉಪದೇಶವಿದೆ: ಮಿಸ್ತ್ರಿಗೆ ಕೊನೆಯ ಕಂತು ಕೊಡಬೇಡಿ, ಕೊಟ್ಟರೆ ಅವನು ತಿರುಗಿ ನೋಡುವುದಿಲ್ಲ. ಕಚೇರಿಯ ಸಹೋದ್ಯೋಗಿಗಳು, ಲಿಫ್ಟಿನಲ್ಲಿ ಸಿಗುವ ನೆರೆಯವರು, ಊರಿನಿಂದ ಬಂದ ಭಾವ, ಎಲ್ಲರೂ ನಮಗೆ ಇದನ್ನೇ ಹೇಳಿದರು. ನಾವು ಪಾಲಿಸಿದೆವು.

ನಮ್ಮದು ಮುಲುಂಡಿನ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿ. ಅಡುಗೆಮನೆ ಮತ್ತು ಬಚ್ಚಲುಮನೆಯ ಕೆಲಸಕ್ಕೆ ಮೂರು ಲಕ್ಷ ಅರವತ್ತು ಸಾವಿರಕ್ಕೆ ಮಾತಾಗಿ, ನಾಲ್ಕು ಕಂತುಗಳ ಪೈಕಿ ಮೂರನ್ನು ಸಕಾಲದಲ್ಲಿ ಕೊಟ್ಟಿದ್ದೆವು. ಉಳಿದದ್ದು ನಲವತ್ತೈದು ಸಾವಿರ. ಏಪ್ರಿಲಿನಲ್ಲಿ ಕೆಲಸ ಮುಗಿಯಿತು. ಬಚ್ಚಲಿನಲ್ಲಿ ಎರಡು ದಿನ ನೀರು ನಿಲ್ಲಿಸಿ ಸೋರುವುದಿಲ್ಲವೆಂದು ಮಿಸ್ತ್ರಿ ತೋರಿಸಿಯೂ ಆಯಿತು. ಆದರೆ ಕಪಾಟಿನ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಒಂದು ಲಾದಿಯ ಅಂಚು ಒಡೆದಿತ್ತು. ‘ಅದನ್ನು ಸರಿಮಾಡಿ, ಹಣ ತೆಗೆದುಕೊಳ್ಳಿ’ ಎಂದೆವು. ಅವನು ‘ಹಣ ಕೊಡಿ, ಸರಿಮಾಡುತ್ತೇನೆ’ ಎಂದ. ಜೂನ್ ಬಂತು. ಮಳೆಯ ಜೊತೆಗೆ ಕೆಳಮನೆಯವರ ಛಾವಣಿಯಲ್ಲಿ ತಟ್ಟೆಯಗಲದ ಒದ್ದೆ ಕಲೆಯೂ ಬಂತು. ಅಲ್ಲಿಗೆ ನಮ್ಮ ಕೈಗೆ ದೊಡ್ಡ ಆಧಾರವೇ ಸಿಕ್ಕಂತಾಯಿತು. ಮಿಸ್ತ್ರಿಯ ಫೋನು ಬಂದರೆ ಎತ್ತುವುದನ್ನು ಬಿಟ್ಟೆವು.

ಗಣೇಶ ಚೌತಿಗೆ ನಾಲ್ಕು ದಿನವಿರುವಾಗ ಒಬ್ಬ ಹೆಂಗಸು ಬಾಗಿಲು ತಟ್ಟಿದಳು. ನಮ್ಮ ಮನೆಯ ಒಡೆದ ಇಟ್ಟಿಗೆ, ಗಾರೆಯನ್ನು ಗೋಣಿಚೀಲಗಳಲ್ಲಿ ಮೂರು ಮಹಡಿ ಇಳಿಸಿದವರಲ್ಲಿ ಒಬ್ಬಳು. ವಿಜಯಪುರದ ಕಡೆಯವಳು. ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಕೂಲಿಗಾಗಿ ನಿಲ್ಲುವವರ ನಡುವೆ ಕಿವಿಗೊಟ್ಟರೆ ಕಲಬುರಗಿ, ವಿಜಯಪುರ, ಯಾದಗಿರಿಗಳ ಕನ್ನಡ ಕೇಳಿಸುತ್ತದೆ. ಕನ್ನಡ ಸಂಘಗಳ ಸಭೆಗಳಲ್ಲಿ ಆ ಕನ್ನಡ ಅಪರೂಪ. ‘ಯಕ್ಕಾ, ಎಂಟ ದಿನದ ಪಗಾರ ಉಳದೈತ್ರಿ. ಮಿಸ್ತ್ರೀನ ಕೇಳಿದ್ರ ನಿಮ್ಮ ಕಡಿಂದ ರೊಕ್ಕ ಬಂದಿಲ್ಲಂತಾನ’ ಎಂದಳು. ನಾವು ಅವಳಿಗೆ ಕೆಳಮನೆಯ ಕಲೆಯ ಕಥೆ ಹೇಳಿದೆವು. ಅವಳು ಪೂರ್ತಿ ಕೇಳಿ, ‘ನಾ ಕಲ್ಲ-ಮಣ್ಣ ಹೊತ್ತಾಕಿರಿ, ನೀರಿನ ಕೆಲಸ ನಂದಲ್ಲರಿ’ ಎಂದಳು.

ಅಂದು ಅವಳ ಎಂಟು ದಿನದ ಕೂಲಿಯನ್ನು ನಾವೇ ಕೊಟ್ಟು ಕಳುಹಿಸಿದೆವೆಂಬುದೇನೋ ನಿಜ. ಆದರೆ ಆ ರಾತ್ರಿಯಿಂದ ಒಂದು ಪ್ರಶ್ನೆ ಹಿಡಿಯಿತು. ಕೆಲಸ ಮಾಡಿಸಿಕೊಂಡು ಹಣ ತಡೆಹಿಡಿಯುವ ಈ ಪದ್ಧತಿ ಎಲ್ಲಿಂದ ಬಂತು, ಕಾನೂನು ಇದನ್ನು ಹೇಗೆ ಕಂಡಿದೆ?

ಹಳ್ಳಿಯ ವ್ಯವಸ್ಥೆಯಲ್ಲಿ ಕೊನೆಯ ಕಂತು ಎಂಬುದೇ ಇರಲಿಲ್ಲ. ನಮ್ಮಲ್ಲಿ ಆಯಗಾರರು, ಮಹಾರಾಷ್ಟ್ರದಲ್ಲಿ ಬಲುತೇದಾರರು. ಬಡಗಿ, ಕಮ್ಮಾರರು ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದರು. ಆ ಪದ್ಧತಿಯೊಳಗಿನ ಜಾತಿಯ ಕಟ್ಟು, ಅವಮಾನಗಳನ್ನು ಮರೆತು ಅದನ್ನು ಹೊಗಳುವ ಉದ್ದೇಶ ನಮಗಿಲ್ಲ. ಕೆಲಸ ಮತ್ತು ಕೂಲಿಗಳ ನಡುವೆ ಲೆಕ್ಕದ ಜಗಳಕ್ಕೆ ಅಲ್ಲಿ ಎಡೆ ಕಡಿಮೆಯಿತ್ತು ಎಂಬುದಷ್ಟೇ ನಮ್ಮ ಮಾತು. ನಗದಿನ ಕೂಲಿಯಿದ್ದ ಕಡೆ ಜಗಳವೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರ ಕೂಲಿ ಕೊಡದ ಯಜಮಾನನಿಗೆ ಕೂಲಿಯ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡ ವಿಧಿಸುತ್ತದೆ. ಕೂಲಿ ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣ ದಂಡ, ಮೇಲೆ ಕೆಲಸ ಮುಗಿಸುವ ತನಕ ಬಂಧನ. ಯಜಮಾನನಿಗೆ ದಂಡ ಮಾತ್ರ, ಆಳಿಗೆ ದಂಡದೊಂದಿಗೆ ಸೆರೆ. ಈ ಅಸಮತೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇಂಗ್ಲಿಷರ ಕಾಯಿದೆಯಲ್ಲೂ ಇದೇ ಎದುರಾಗುತ್ತದೆ.

ಗುತ್ತಿಗೆ ಹಣದ ಒಂದು ಭಾಗವನ್ನು ಕೆಲಸ ಪರೀಕ್ಷೆಗೆ ನಿಲ್ಲುವ ತನಕ ತಡೆಹಿಡಿಯುವ ಇಂದಿನ ಕ್ರಮ ಬ್ರಿಟನ್ನಿನಲ್ಲಿ 1840ರ ದಶಕದ ರೈಲ್ವೆ ಭರಾಟೆಯಲ್ಲಿ ಬೇರೂರಿತೆಂದು ಹೇಳುವುದುಂಟು. ಆಗ ಹಳಿ ಹಾಕಲು ಮುಂದೆ ಬಂದ ಗುತ್ತಿಗೆದಾರರಲ್ಲಿ ಅನುಭವವಿಲ್ಲದವರು, ನಡುವೆ ಕೈಯೆತ್ತುವವರು ಬಹಳ. ರೈಲು ಮುಂಬಯಿಗೂ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಗಾಡಿಯ ಮಾರ್ಗವನ್ನು ಕಟ್ಟಿದವರು ಫೇವಿಯೆಲ್ ಮತ್ತು ಫೌಲರ್ ಎಂಬ ಇಂಗ್ಲಿಷ್ ಗುತ್ತಿಗೆದಾರರು. ಅದೇ ಫೇವಿಯೆಲ್ 1856ರಲ್ಲಿ ಭೋರ್ ಘಾಟಿನ ಏರುದಾರಿಯ ಕೆಲಸ ಹಿಡಿದ. ಪುಣೆಗೆ ಹೋಗುವಾಗ ಕರ್ಜತ್ ದಾಟಿದ ಮೇಲೆ ನಾವು ಕಿಟಕಿಗೆ ಅಂಟಿ ಕುಳಿತು ನೋಡುವ ಸುರಂಗಗಳು ಆ ದಾರಿಯವು. ಸಾವಿರಾರು ಕೂಲಿಗಳು ಅಲ್ಲಿ ಬಂಡೆ ಒಡೆಯುತ್ತಿದ್ದರು.

1859ರ ಜನವರಿಯಲ್ಲಿ ಆ ಘಾಟಿನಲ್ಲಿ ದಂಗೆಯೆದ್ದಿತು. ಕಾರಣ ಸರಳ: ಕೂಲಿ ಬಟವಾಡೆಯಾಗಿರಲಿಲ್ಲ. ಕಂಪೆನಿಯಿಂದ ಮುಖ್ಯ ಗುತ್ತಿಗೆದಾರನಿಗೆ, ಅವನಿಂದ ಅವನ ಯುರೋಪಿಯನ್ ಕೈಕೆಳಗಿನವರಿಗೆ, ಅವರಿಂದ ಮುಕಾದಮನಿಗೆ, ಮುಕಾದಮನಿಂದ ಕೂಲಿಗೆ. ಹಣ ಇಳಿಯುವ ಈ ಮೆಟ್ಟಿಲುಗಳಲ್ಲಿ ಎಲ್ಲೋ ಅದು ನಿಂತುಬಿಟ್ಟಿತ್ತು. ಕಲ್ಲು ಒಡೆಯುತ್ತಿದ್ದವರು ಕಲ್ಲು ಬೀಸಿದರು, ಪ್ರಾಣಹಾನಿಯೂ ಆಯಿತು. ಕೆಲವೇ ತಿಂಗಳಲ್ಲಿ ಫೇವಿಯೆಲ್ ಗುತ್ತಿಗೆ ಬಿಟ್ಟ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ಕಾಯಿಲೆಬಿದ್ದು ಸತ್ತ. ಗುತ್ತಿಗೆಯನ್ನು ಅವನ ವಿಧವೆ ಆಲಿಸ್ ಟ್ರೆಡ್‌ವೆಲ್ ಮುಂದುವರಿಸಿದಳು. 1861ರ ಹೊತ್ತಿಗೆ ಕೆಲಸಗಾರರ ಸಂಖ್ಯೆ ನಲವತ್ತು ಸಾವಿರ ದಾಟಿತ್ತು, 1863ರಲ್ಲಿ ಮಾರ್ಗ ತೆರೆಯಿತು. ಗಂಡಸರೇ ತುಂಬಿದ ಆ ಇತಿಹಾಸದಲ್ಲಿ ಆಲಿಸಳ ಮೇಲೆ ಯಾರೂ ಕನ್ನಡದಲ್ಲಿ ಒಂದು ಕಾದಂಬರಿ ಬರೆಯದಿರುವುದು ನಮಗೆ ಆಶ್ಚರ್ಯವೇ.

ಆ ದಂಗೆಯಿಂದ ಸರಕಾರ ಒಂದು ಪಾಠ ಕಲಿಯಿತು. 1860ರ 9ನೆಯ ಕಾಯಿದೆಯ ಪ್ರಕಾರ ರೈಲ್ವೆ, ಕಾಲುವೆ ಮುಂತಾದ ಸಾರ್ವಜನಿಕ ಕಾಮಗಾರಿಗಳಲ್ಲಿ ಕೂಲಿಯ ತಕರಾರನ್ನು ಮ್ಯಾಜಿಸ್ಟ್ರೇಟನು ದೀರ್ಘ ದಾವೆಯಿಲ್ಲದೆ ಕೂಡಲೇ ತೀರ್ಮಾನಿಸಬಹುದಾಯಿತು. ಕೂಲಿಯ ಹಣಕ್ಕೆ ಅವಸರವಿದೆ ಎಂದು ಕಾನೂನು ಒಪ್ಪಿಕೊಂಡ ಅಪರೂಪದ ಗಳಿಗೆ ಅದು. ಅದೇ ಕಾಯಿದೆಯಲ್ಲೂ ಒಪ್ಪಂದ ಮುರಿದ ಕೆಲಸಗಾರನಿಗೆ ಸೆರೆಯಿತ್ತು ಎಂಬುದನ್ನು ಮರೆಮಾಚುವಂತಿಲ್ಲ. ಮೇಲಾಗಿ ಅದು ಸಾರ್ವಜನಿಕ ಕಾಮಗಾರಿಗೆ ಮಾತ್ರ. ಗಿರಗಾಂವಿಯಲ್ಲಿ ಯಾರದೋ ಮನೆಗೆ ಗಾರೆ ಮಾಡಿದವನಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಅವನಿಗೆ ಅನ್ವಯಿಸುತ್ತಿದ್ದುದು ಅದಕ್ಕೂ ಒಂದು ವರ್ಷ ಮೊದಲಿನ, 1859ರ 13ನೆಯ ಕಾಯಿದೆ. ಕಲ್ಕತ್ತೆಯ ವರ್ತಕರ ದೂರಿನಿಂದ ಹುಟ್ಟಿ, ಮೊದಲಿಗೆ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ ಬಂದ ಕಾನೂನು ಇದು. ಮುಂಗಡ ಪಡೆದ ಕುಶಲಕರ್ಮಿಯೋ ಕೂಲಿಯೋ ಕೆಲಸ ಮಾಡದೆ ಹೋದರೆ ಯಜಮಾನ ಮ್ಯಾಜಿಸ್ಟ್ರೇಟನಲ್ಲಿ ದೂರಬಹುದು. ಮುಂಗಡ ಹಿಂತಿರುಗಿಸು ಅಥವಾ ಕೆಲಸ ಮುಗಿಸು ಎಂಬ ಆಜ್ಞೆಯಾಗುತ್ತದೆ, ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೆಲಸ ಮುಗಿಸಿದ ಮೇಲೆ ಹಣ ಕೊಡದ ಯಜಮಾನನಿಗೆ? ಅವನ ಮೇಲೆ ಸಿವಿಲ್ ದಾವೆ ಹೂಡಬಹುದು, ಅಷ್ಟೆ. ಒಂದೇ ಒಪ್ಪಂದ, ಮುರಿದವನು ಬಡಗಿಯಾದರೆ ಅಪರಾಧ, ಮನೆಯೊಡೆಯನಾದರೆ ಬಾಕಿ. ಈ ಕಾಯಿದೆ ರದ್ದಾಗಲು 1925ರ ತನಕ ಕಾಯಬೇಕಾಯಿತು. ಕಾನೂನು ಹೋದರೂ ಅದು ಕಲಿಸಿದ ನಡವಳಿಕೆ ಹೋಗಲಿಲ್ಲವೆಂದು ನಮ್ಮ ಅನಿಸಿಕೆ. ಮುಂಗಡ ಪಡೆದು ನಾಪತ್ತೆಯಾದ ಮಿಸ್ತ್ರಿಯನ್ನು ಇಂದಿಗೂ ‘ಚೋರ’ ಎನ್ನುತ್ತೇವೆ. ಕೊನೆಯ ಕಂತು ಕೊಡದ ನಮ್ಮನ್ನು ನಾವು ‘ಜಾಗರೂಕರು’ ಎಂದುಕೊಳ್ಳುತ್ತೇವೆ.

ಹಾಗೆಂದು ಕಾನೂನು ಸಂಪೂರ್ಣ ಕುರುಡಾಗಿರಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯನ್ನು ತೆರೆದರೆ ಅದನ್ನು ರಚಿಸಿದವರ ಕಣ್ಣೆದುರು ಮನೆ ದುರಸ್ತಿ ಇದ್ದುದು ಸ್ಪಷ್ಟ. 67ನೆಯ ಕಲಮಿನ ಉದಾಹರಣೆ ನೋಡಿ: ಮನೆಯ ಯಾವ ಭಾಗ ದುರಸ್ತಿಯಾಗಬೇಕೆಂದು ಒಡೆಯನು ತೋರಿಸದೆ ಹೋದರೆ, ಕೆಲಸ ಮಾಡದ ಹೊಣೆಯಿಂದ ಗುತ್ತಿಗೆದಾರ ಪಾರು. 73ನೆಯ ಕಲಮಿನಲ್ಲಿ ಇನ್ನೊಂದು: ಪೂರ್ತಿ ಹಣವನ್ನು ಮೊದಲೇ ಪಡೆದು, ಒಪ್ಪಂದದಂತೆ ದುರಸ್ತಿ ಮಾಡದವನಿಂದ ಒಡೆಯನು ವಸೂಲು ಮಾಡಬಹುದಾದದ್ದು, ಕೆಲಸವನ್ನು ಒಪ್ಪಂದಕ್ಕೆ ಸರಿಹೊಂದಿಸಲು ತಗಲುವ ವೆಚ್ಚ. ನಷ್ಟದ ಅಳತೆ ಕೆಲಸದ ಕುಂದಿನ ಬೆಲೆಯೇ ಹೊರತು ಒಡೆಯನ ಸಿಟ್ಟಿನ ಬೆಲೆಯಲ್ಲ. ನೂರೈವತ್ತು ವರ್ಷಗಳಿಂದ ಈ ಸಾಲು ಅಲ್ಲಿದೆ. ನಾವು ಎಂ.ಎ. ಓದಿದವರು, ಸರಕಾರಿ ಕಡತಗಳಲ್ಲಿ ಬದುಕುವವರು, ಅದನ್ನು ಓದಿದ್ದು ಆ ಹೆಂಗಸು ಬಂದು ಹೋದ ಮೇಲೆ.

ಇದೇ ತತ್ತ್ವಕ್ಕೆ ಇಂಗ್ಲೆಂಡಿನ ಒಂದು ತೀರ್ಪು ನಮ್ಮ ಮನೆಯದೇ ಕಥೆಯಂತಿದೆ. ಹೋನಿಗ್ ವಿರುದ್ಧ ಐಸಾಕ್ಸ್, 1952. ಒಂದೇ ಕೋಣೆಯ ಫ್ಲ್ಯಾಟನ್ನು ಅಲಂಕರಿಸಿ ಪೀಠೋಪಕರಣ ಮಾಡಿಕೊಡಲು 750 ಪೌಂಡಿಗೆ ಮಾತಾಗಿತ್ತು. ಒಡೆಯ 400 ಕೊಟ್ಟ, ಮನೆಗೆ ಬಂದು ವಾಸ ಮಾಡಿದ, ಮಂಚ-ಕಪಾಟು ಬಳಸಿದ. ಉಳಿದ 350 ಪೌಂಡ್ ಮಾತ್ರ ಕೊಡಲಿಲ್ಲ. ಕುಂದುಗಳು ಏನು? ಕಪಾಟಿನ ಒಂದು ಬಾಗಿಲು ಬದಲಿಸಬೇಕು, ಪುಸ್ತಕದ ಹಲಗೆ ಗಿಡ್ಡವಾಗಿದೆ. ಸರಿಪಡಿಸಲು ಸುಮಾರು 56 ಪೌಂಡ್ ಸಾಕೆಂದು ಲೆಕ್ಕವಾಯಿತು. ಕೆಲಸ ಬಹುಮಟ್ಟಿಗೆ ಪೂರ್ಣವಾಗಿದೆ, 56 ಕಳೆದು ಉಳಿದದ್ದನ್ನು ಕೊಡು ಎಂದಿತು ಮೇಲ್ಮನವಿ ನ್ಯಾಯಾಲಯ. ಲಾರ್ಡ್ ಡೆನಿಂಗ್ ಆ ಪೀಠದಲ್ಲಿದ್ದರು. ಹಳೆಯ ಇಂಗ್ಲಿಷ್ ಕಾನೂನು ಇಷ್ಟು ಮೃದುವಾಗಿರಲಿಲ್ಲ. 1795ರ ಒಂದು ಪ್ರಕರಣದಲ್ಲಿ ಜಮೈಕಾದಿಂದ ಲಿವರ್‌ಪೂಲಿಗೆ 30 ಗಿನಿಗೆ ಹೊರಟ ನಾವಿಕ ದಾರಿಯಲ್ಲಿ ಸತ್ತದ್ದಕ್ಕೆ, ಪಯಣ ಮುಗಿಸಲಿಲ್ಲವೆಂದು, ಅವನ ಹೆಂಡತಿಗೆ ಒಂದು ಕಾಸೂ ಸಿಗಲಿಲ್ಲ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯ. 1972ರ ಬೋಲ್ಟನ್ ವಿರುದ್ಧ ಮಹಾದೇವ ಪ್ರಕರಣದಲ್ಲಿ (ಹೆಸರು ನೋಡಿದರೆ ಒಡೆಯರು ನಮ್ಮ ಉಪಖಂಡದ ಮೂಲದವರಿರಬೇಕು) 560 ಪೌಂಡಿನ ಮನೆ ಕಾಯಿಸುವ ಯಂತ್ರ ಮನೆಯನ್ನು ಸರಿಯಾಗಿ ಕಾಯಿಸಲಿಲ್ಲ, ಹೊಗೆ ಬೇರೆ. ಸರಿಪಡಿಸಲು 174 ಪೌಂಡ್ ಬೇಕಿತ್ತು. ಇಷ್ಟು ದೊಡ್ಡ ಕುಂದಿರುವಾಗ ಕೆಲಸ ಪೂರ್ಣವಾಯಿತೆನ್ನಲಾಗದೆಂದು ಗುತ್ತಿಗೆದಾರನಿಗೆ ಏನೂ ಕೊಡಿಸಲಿಲ್ಲ. ಬಚ್ಚಲಿಗೆ ಜಲನಿರೋಧಕ ಮಾಡಿಸಿ ಮೊದಲ ಮಳೆಯಲ್ಲೇ ಕೆಳಮನೆಯ ಮಗುವಿನ ಹಾಸಿಗೆ ನೆನೆದವರನ್ನು ನಾವು ಬಲ್ಲೆವು. ಮೂರು ಕಂತು ಪಡೆದು, ಅರ್ಧ ಒಡೆದ ಅಡುಗೆಮನೆ ಬಿಟ್ಟು ಊರಿಗೆ ಹೋದ ಮಿಸ್ತ್ರಿಗಳೂ ಇದ್ದಾರೆ. ಕೊನೆಯ ಕಂತಿನ ಮೇಲಿನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಮುಂಬಯಿಯಲ್ಲಿ ಈ ಜಗಳ ಮಧ್ಯಮ ವರ್ಗದ ಹೊಸಿಲಿಗೆ ಬಂದದ್ದು ತಡವಾಗಿ. ಬಾಡಿಗೆಯ ಚಾಳಿನಲ್ಲಿ ದುರಸ್ತಿ ಮಾಲಿಕನ ಹೊಣೆಯಾಗಿತ್ತು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯ ನಂತರ ಮಾಲಿಕರು ದುರಸ್ತಿಯಿಂದ ಕೈತೊಳೆದುಕೊಂಡರು. ಅಪಾಯದ ಹಳೆಯ ಕಟ್ಟಡಗಳಿಗಾಗಿ 1969ರಲ್ಲಿ ಸರಕಾರವೇ ದುರಸ್ತಿ ಮಂಡಳಿಯ ಕಾನೂನು ತರಬೇಕಾಯಿತು. 1960ರ ಸಹಕಾರಿ ಸಂಘಗಳ ಕಾಯಿದೆ, 1963ರ ಫ್ಲ್ಯಾಟ್ ಮಾಲಿಕತ್ವದ ಕಾಯಿದೆಗಳ ಬೆನ್ನಿಗೆ ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು ‘ಮಾಲಿಕ’ರಾದರು. ಗುತ್ತಿಗೆದಾರನೆದುರು ಒಬ್ಬೊಬ್ಬರೇ ನಿಲ್ಲಬೇಕಾದದ್ದು ಆಗ. ಒಂದು ಕಾಗದವಿಲ್ಲ, ಅಳತೆಯ ಪುಸ್ತಕವಿಲ್ಲ, ಹಿಂದಿಯಲ್ಲಿ ನಡೆದ ಬಾಯಿಮಾತು ಮತ್ತು ಸಿಗರೇಟು ಪ್ಯಾಕಿನ ಹಿಂದಿನ ಲೆಕ್ಕ.

ನಮ್ಮ ಕಚೇರಿಯಲ್ಲಿ ಹೀಗಿಲ್ಲ. ಗುತ್ತಿಗೆದಾರನ ಬಿಲ್ಲಿನಿಂದ ಎಷ್ಟು ಹಿಡಿಯಬೇಕು, ಯಾವ ಅವಧಿಗೆ, ಯಾವಾಗ ಬಿಡುಗಡೆ, ಎಲ್ಲಕ್ಕೂ ಕಲಮು ಇದೆ. ಬಿಡುಗಡೆ ತಡವಾಗುತ್ತದೆ, ಅದಕ್ಕೂ ಟಿಪ್ಪಣಿ ಇದೆ! ಮನೆಯಲ್ಲಿ ಮಾತ್ರ ನಾವೇ ಇಂಜಿನಿಯರು, ನಾವೇ ಲೆಕ್ಕಾಧಿಕಾರಿ, ನಾವೇ ನ್ಯಾಯಾಧೀಶರು. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಕೂಡ ಹತ್ತು ಲಕ್ಷ ಮೀರದ ಸ್ವಂತ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕುಂದು ಕಂಡರೆ ನಾವು ಗ್ರಾಹಕ ಆಯೋಗಕ್ಕೆ ಹೋಗಬಹುದು; 1993ರ ತಿದ್ದುಪಡಿಯಿಂದ ಮನೆ ನಿರ್ಮಾಣವೂ ‘ಸೇವೆ’. ಮಿಸ್ತ್ರಿಗೆ ಆ ಬಾಗಿಲಿಲ್ಲ. ಅವನಿಗಿರುವುದು ಸಿವಿಲ್ ಕೋರ್ಟು ಮತ್ತು ಮೂರು ವರ್ಷದ ಕಾಲಮಿತಿ. 2006ರ ಸಣ್ಣ ಉದ್ದಿಮೆಗಳ ಕಾಯಿದೆ 45 ದಿನದೊಳಗೆ ಪಾವತಿ, ತಪ್ಪಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಎನ್ನುತ್ತದೆ. ಆದರೆ ನೋಂದಣಿ ಎಂದರೇನೆಂದು ತಿಳಿಯದ ಬಡಗಿಗೆ ಅದು ಕೈಗೆಟುಕದ ಮಾವಿನಹಣ್ಣು.

ಈ ವ್ಯವಹಾರ ಎಲ್ಲಿಯವರೆಗೆ ಹೋಗಬಲ್ಲದೆಂದು ದೇಶವೇ ಕಂಡಿತು. 2018ರ ಮೇ ತಿಂಗಳಲ್ಲಿ ಒಬ್ಬ ಒಳಾಂಗಣ ವಿನ್ಯಾಸಕಾರರು ಅಲಿಬಾಗಿನ ಬಳಿಯ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮೂವರಿಂದ ಹಣ ಬರಬೇಕಿತ್ತೆಂದು ಬರೆದಿಟ್ಟಿದ್ದರೆಂಬ ಆರೋಪದಲ್ಲಿ ಒಂದು ಹೆಸರು ಪತ್ರಕರ್ತ ಅರ್ನಬ್ ಗೋಸ್ವಾಮಿಯವರದು, ಸ್ಟುಡಿಯೋ ಕೆಲಸಕ್ಕೆ ಸಂಬಂಧಿಸಿ. ಅವರ ಪಕ್ಷ ಆರೋಪವನ್ನು ನಿರಾಕರಿಸಿತು. 2019ರಲ್ಲಿ ಮುಚ್ಚಿದ ಪ್ರಕರಣ ಮರುವರ್ಷ ತೆರೆಯಿತು. 2020ರ ನವೆಂಬರ್ 4ರಂದು ಬಂಧನವಾಯಿತು, 11ರಂದು ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಜಾಮೀನು ನೀಡಿತು. 27ರ ವಿಸ್ತೃತ ತೀರ್ಪಿನಲ್ಲಿ, ದೂರಿನ ಮೇಲ್ನೋಟಕ್ಕೆ ಆತ್ಮಹತ್ಯೆಗೆ ಪ್ರಚೋದನೆಯ ಅಪರಾಧದ ಅಂಶಗಳು ಕಾಣುವುದಿಲ್ಲವೆಂದಿತು. ಚರ್ಚೆಯೆಲ್ಲ ಬಂಧನದ ರಾಜಕೀಯ, ಪತ್ರಿಕಾ ಸ್ವಾತಂತ್ರ್ಯಗಳ ಮೇಲೆ ನಡೆಯಿತು, ಅವು ಸಣ್ಣ ವಿಷಯಗಳಲ್ಲ. ಕೆಲಸದ ಬಾಕಿ ಎಷ್ಟು, ಕುಂದು ಎಷ್ಟು ಎಂಬ ಸಾದಾ ಲೆಕ್ಕವನ್ನು ಬೇಗ ಇತ್ಯರ್ಥ ಮಾಡುವ ಜಾಗವೊಂದು ಈ ನಗರದಲ್ಲಿ ಏಕಿಲ್ಲ ಎಂದು ಕೇಳಿದವರು ಕಡಿಮೆ. ಅದೇ ನವೆಂಬರಿನಲ್ಲಿ, ಕೋವಿಡ್ ಕಾಲದ ಹಣದ ಮುಗ್ಗಟ್ಟನ್ನು ಕಂಡು, ಕೇಂದ್ರ ವಿತ್ತ ಸಚಿವಾಲಯ ಸರಕಾರಿ ಗುತ್ತಿಗೆಗಳ ಕಾರ್ಯಭದ್ರತಾ ಠೇವಣಿಯನ್ನು ಶೇ. 5–10ರಿಂದ ಶೇ. 3ಕ್ಕೆ ಇಳಿಸಿತ್ತು. ಆ ಸುತ್ತೋಲೆಯ ಪ್ರತಿ ನಮ್ಮ ಮೇಜಿನ ಮೇಲೂ ಬಂದಿತ್ತು. ಓದಿ, ಸಹಿ ಹಾಕಿ, ಕಡತಕ್ಕೆ ಸೇರಿಸಿದ್ದೆವು.

ಅಕ್ಟೋಬರಿನಲ್ಲಿ ಕೆಳಮನೆಯವರು ತಮ್ಮ ಪ್ಲಂಬರನನ್ನು ಕರೆಸಿದರು. ಅವನು ಡಕ್ಟಿನೊಳಗೆ ಇಳಿದು, ನಾಲ್ಕನೆಯ ಮಹಡಿಯಿಂದ ಬರುವ ಸಾಮಾನ್ಯ ಕೊಳವೆಯ ಜೋಡಣೆ ಬಿರುಕು ಬಿಟ್ಟಿರುವುದನ್ನು ತೋರಿಸಿದ. ಕೊಳವೆ ಸೊಸೈಟಿಯದು. ನಮ್ಮ ಬಚ್ಚಲಿಗೂ ಆ ಕಲೆಗೂ ಸಂಬಂಧವೇ ಇರಲಿಲ್ಲ. ಕಪಾಟಿನ ಬಾಗಿಲು, ಒಡೆದ ಲಾದಿ ಸೇರಿ ಸರಿಪಡಿಸಲು ಎಷ್ಟಾಗುತ್ತದೆಂದು ಬೇರೊಬ್ಬ ಬಡಗಿಯನ್ನು ಕೇಳಿದೆವು. ಎರಡು ಸಾವಿರದ ಎಂಟುನೂರು ಎಂದ.

ಈಗ ಫೋನು ಎತ್ತದಿರುವ ಸರದಿ ಮಿಸ್ತ್ರಿಯದು. ಹಾರ್ಡ್‌ವೇರ್ ಅಂಗಡಿಯವನ ಮೂಲಕ ಭಾಂಡುಪಿನಲ್ಲಿ ಅವನನ್ನು ಹುಡುಕಿದೆವು. ದೀಪಾವಳಿಗೆ ಎರಡು ದಿನ ಮೊದಲು ನಲವತ್ತೈದು ಸಾವಿರ ಕೊಟ್ಟೆವು, ಎರಡು ಸಾವಿರದ ಎಂಟುನೂರನ್ನು ಹಿಡಿಯುವ ಮನಸ್ಸಾಗಲಿಲ್ಲ. ಅವನು ನಿಂತಲ್ಲೇ ಎಣಿಸಿದ. ಲಾದಿ ಹಾಕಿದ ಇಬ್ಬರು ಕಾರಿಗರರು ಪೂರ್ತಿ ಪಗಾರ ಸಿಗದೆ ಆಗಸ್ಟಿನಲ್ಲೇ ಬೇರೆ ಮಿಸ್ತ್ರಿಯ ಬಳಿ ಹೋಗಿದ್ದರಂತೆ. ಅವರಲ್ಲೊಬ್ಬನ ಪಾಲನ್ನು ಊರಿಗೆ ಕಳುಹಿಸಬೇಕೆಂದು ಕೆಲವು ನೋಟುಗಳನ್ನು ಬೇರೆ ಜೇಬಿಗೆ ಹಾಕಿಕೊಂಡ. ಮರುದಿನ ಬಂದು ಕಪಾಟಿನ ಬಾಗಿಲನ್ನು ಸರಿಮಾಡಿ ಹೋದ. ಚಹಾ ಕುಡಿಯಲಿಲ್ಲ.

ಡಿಸೆಂಬರಿನ ಸೊಸೈಟಿ ಸಭೆಯಲ್ಲಿ ಡಕ್ಟಿನ ಕೊಳವೆ ಬದಲಿಸುವ ಗುತ್ತಿಗೆಯ ಪ್ರಸ್ತಾಪ ಬಂತು. ಮಳೆಗಾಲ ಕಳೆಯುವ ತನಕ ಹತ್ತು ಶೇಕಡ ಹಿಡಿದಿಡೋಣ ಎಂದರು ಕಾರ್ಯದರ್ಶಿ. ಎಲ್ಲರೂ ತಲೆದೂಗಿದರು. ನಾವೂ ಒಪ್ಪಿದೆವು. ಆದರೆ ಯಾವ ಕುಂದಿಗೆ ಎಷ್ಟು ಕಡಿತ, ಬಿಡುಗಡೆ ಯಾವ ತಾರೀಕಿಗೆ ಎಂಬುದನ್ನು ನಡಾವಳಿಯಲ್ಲಿ ಬರೆಯಬೇಕೆಂದೆವು. ಸ್ವಲ್ಪ ಗೊಣಗಾಟವಾಯಿತು. ‘ಸರಕಾರಿ ಮನುಷ್ಯರು’ ಎಂದು ಯಾರೋ ನಕ್ಕರು. ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು, ಸೆಪ್ಟೆಂಬರ್ 30 ಎಂದು ಬರೆದರು.